ಮೂಗರ ಬಂಡಿಗೆ ಎಣ್ಣೆ ಬಂದದ್ದು

ನಮ್ಮ ಯಜಮಾನರು ಜಗಳ ಆಡುವ ಪೈಕಿ ಅಲ್ಲ. ಜಗಳ ಆಡುವವರ ಜೊತೆ ಹೇಗೋ ಬಾಳಬಹುದು; ಬೈದು, ಬೈಸಿಕೊಂಡು, ಊಟದ ಹೊತ್ತಿಗೆ ಸರಿಹೋಗಬಹುದು. ಇವರು ಮಾತು ಬಿಡುವವರು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ಗೊತ್ತಿರಲಿಲ್ಲ. ಪಕ್ಕದ ಮನೆಯಾತ ಎದುರಿಗೆ ಬಂದರೆ ಇವರು ಆಕಾಶ ನೋಡುತ್ತಿದ್ದರು. ಪಾಪ, ಏನೋ ಯೋಚನೆಯಲ್ಲಿರಬೇಕು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ನಡುಗೋಡೆಗೆ ಅವರು ಹೊಡೆದ ಮೊಳೆಯ ತುದಿ ನಮ್ಮ ಕಡೆ ಇಣುಕಿತ್ತಂತೆ, ಅದಕ್ಕೆ ಮಾತು ಬಿಟ್ಟಿದ್ದರು. ಸ್ವಂತ ಅಣ್ಣನ ಜೊತೆ ಒಂದು ಸೈಕಲ್ಲಿನ ವಿಷಯಕ್ಕೆ ಬಿಟ್ಟಿದ್ದರು. ಸೈಕಲ್ಲು ತುಕ್ಕು ಹಿಡಿದು ಗುಜರಿಗೆ ಹೋಯಿತು, ಅಣ್ಣನ ತಲೆ ನರೆತು ಮೊಮ್ಮಕ್ಕಳಾದವು, ಮಾತು ಮಾತ್ರ ವಾಪಸು ಬರಲಿಲ್ಲ. ಕ್ಷೌರದವನ ಜೊತೆ ಬಿಟ್ಟ ಮೇಲೆ ತಮ್ಮ ಕೂದಲನ್ನು ತಾವೇ ಕತ್ತರಿಸಿಕೊಳ್ಳತೊಡಗಿದರು. ಹಿಂದಿನಿಂದ ನೋಡಿದರೆ ಇಲಿ ಕಚ್ಚಿದ ಹಾಗೆ ಕಾಣುತ್ತಿತ್ತು. ಹೇಳಿದರೆ ನನ್ನ ಜೊತೆಯೂ ಬಿಟ್ಟಾರು ಅಂತ ನಾನು ಹೇಳಲಿಲ್ಲ.

ಕೆಲಸದಲ್ಲಿ ಇವರನ್ನು ಆಡಿಕೊಳ್ಳುವ ಹಾಗಿರಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗಂಡನ ಮೇಲಿನ ಹೊಟ್ಟೆಯುರಿ ಕಾರಿಕೊಳ್ಳಲು ಕೂತಿದ್ದಾಳೆ ಅಂತೀರಿ. ಕೂತಿರುವುದು ಅದಕ್ಕೇ, ಆದರೆ ಸುಳ್ಳು ಸೇರಿಸುವುದಿಲ್ಲ. ಮೀಸೆ ಮೂಡುವ ವಯಸ್ಸಿಗೆ ರೈಲ್ವೆಯಲ್ಲಿ ಉಗಿ ಎಂಜಿನ್ ಒರೆಸುವ ಕೆಲಸಕ್ಕೆ ಸೇರಿದವರು ಇವರು. ಬೂದಿ ಎಳೆದರು, ಕಲ್ಲಿದ್ದಲು ಒಡೆದರು, ಫೈರ್‌ಮನ್ ಆಗಿ ವರ್ಷಗಟ್ಟಲೆ ಒಲೆಯ ಮುಂದೆ ಬೆಂದರು, ಕೊನೆಗೆ ಡ್ರೈವರ್ ಆದರು. ಇವರ ಮೊದಲ ಗುರು ಒಬ್ಬ ಮುದಿ ಡ್ರೈವರ್. ಆತ ಬೆರಳಿನಲ್ಲೇ ಎಲ್ಲ ಹೇಳುತ್ತಿದ್ದನಂತೆ. ತಪ್ಪು ಮಾಡಿದರೆ ಕಿವಿ ಹಿಂಡುತ್ತಿದ್ದ, ಸರಿ ಮಾಡಿದರೆ ಸುಮ್ಮನಿರುತ್ತಿದ್ದ. ಇವರ ಮಟ್ಟಿಗೆ ಗಂಡಸು ಅಂದರೆ ಆತ. ಉದ್ದನೆಯ ಗೂಡ್ಸ್ ಬಂಡಿಯನ್ನು ಇವರು ನಿಲ್ಲಿಸಿದರೆ ಕಟ್ಟಕಡೆಯ ಡಬ್ಬಿಯಲ್ಲಿ ಕೂತ ಗಾರ್ಡಿನ ಚಹಾ ತುಳುಕುತ್ತಿರಲಿಲ್ಲ. ಅದನ್ನು ಗಾರ್ಡೇ ನಮ್ಮ ಮನೆ ಬಾಗಿಲಲ್ಲಿ ನಿಂತು ಹೇಳಿದ್ದಾನೆ. ಇವರು ಆಗಲೂ ಆಕಾಶ ನೋಡಿದರು.

ಇವರ ಎಂಜಿನ್ನಿಗೆ ಫೈರ್‌ಮನ್ ಆಗಿದ್ದವನು ನನ್ನ ತಮ್ಮ. ಅವನನ್ನು ಕೆಲಸಕ್ಕೆ ಸೇರಿಸಿದ್ದು ಇವರೇ, ನಾನು ಕಾಡಿ ಬೇಡಿದ್ದಕ್ಕೆ. ತಮ್ಮನಿಗೆ ಬಾಯಿ ಜಾಸ್ತಿ. ಇವರಿಗೆ ಕೊಡದೆ ಉಳಿಸಿಕೊಂಡ ಮಾತನ್ನೆಲ್ಲ ದೇವರು ಅವನಿಗೆ ಸುರಿದಿದ್ದ. ಆದರೆ ಸಲಿಕೆ ಹಿಡಿದರೆ ಅವನ ಸಮ ಯಾರೂ ಇರಲಿಲ್ಲ. ಒಲೆಯ ಯಾವ ಮೂಲೆಗೆ ಬೇಕೋ ಆ ಮೂಲೆಗೇ ಕಲ್ಲಿದ್ದಲು ಹೋಗಿ ಬೀಳುತ್ತಿತ್ತು. ಮೊದಲ ಕೆಲವು ವರ್ಷ ಭಾವ ಬಾಮೈದ ಚೆನ್ನಾಗಿಯೇ ಇದ್ದರು. ಒಂದೇ ಬುತ್ತಿಯಲ್ಲಿ ಇಬ್ಬರಿಗೂ ಊಟ ಕಟ್ಟಿ ಕಳಿಸುತ್ತಿದ್ದೆ.

ಒಂದು ದಿನ ಶೆಡ್ಡಿಗೆ ದೊಡ್ಡ ಸಾಹೇಬರು ಬಂದರು. ಎಲ್ಲರಿಗಿಂತ ಹೊತ್ತಿಗೆ ಸರಿಯಾಗಿ ಓಡುವ ಬಂಡಿ ಇವರದೇ ಅಂತ ಎಲ್ಲರ ಮುಂದೆ ಹೊಗಳಿ, ಕೈ ಕುಲುಕಿದರು. ಚಹಾ ಕೊಟ್ಟರು. ನನ್ನ ತಮ್ಮ ಗ್ಲಾಸು ಹಿಡಿದುಕೊಂಡು ಹಿಂದೆ ನಿಂತಿದ್ದ. ಅವನ ಕೈಯನ್ನು ಯಾರೂ ಕುಲುಕಿರಲಿಲ್ಲ. ಸುಮ್ಮನಿರಲು ಅವನಿಗೆ ಬರುತ್ತದೆಯೇ? "ಸಾರ್, ನಮ್ಮ ಭಾವ ಕೂತಲ್ಲೇ ಹಿಡಿ ಎಳೀತಾರೆ ಅಷ್ಟೇ. ನಾನು ಉಗಿ ಮಾಡ್ಲಿಲ್ಲ ಅಂದ್ರೆ ಅವರು ತಣ್ಣನೆ ಕಬ್ಬಿಣದ ಮೇಲೆ ಕೂತ ಮನುಷ್ಯ," ಅಂದ. ಶೆಡ್ಡಿಗೆ ಶೆಡ್ಡೇ ನಕ್ಕಿತು. ಸಾಹೇಬರೂ ನಕ್ಕರು. ಇವರು ಮಾತ್ರ ಚಹಾ ಕುಡಿದು ಮುಗಿಸಿ, ಗ್ಲಾಸನ್ನು ಬೋರಲು ಹಾಕಿ ಎದ್ದರು. ಅಲ್ಲಿಗೆ ಮುಗಿಯಿತು.

ತಮ್ಮ ಮಾರನೆಯ ದಿನ ನಗುನಗುತ್ತಾ ಮಾತಾಡಿಸಿದ, ಉತ್ತರ ಬರಲಿಲ್ಲ. ವಾರವಿಡೀ ಮಾತಾಡಿಸಿದ. ಆಮೇಲೆ ಅವನಿಗೂ ಸೆಡವು ಹತ್ತಿತು. "ಅವರ ಬಾಯಲ್ಲಿ ಮುತ್ತು ಉದುರತ್ತಾ? ಬೇಡ ಬಿಡು ಅಕ್ಕ," ಅಂದು ಅವನೂ ಬಿಟ್ಟ.

ಕಲ್ಲಿದ್ದಲಿನ ಎಂಜಿನ್ನಿನಲ್ಲಿ ಇದು ನಡೆದುಹೋಯಿತು. ಒಲೆಯಲ್ಲಿ ಕೆಂಡದ ಹಾಸು ಇರುತ್ತದೆ. ಡ್ರೈವರ್ ಉಗಿ ಬಿಟ್ಟರೂ, ನಿಲ್ಲಿಸಿದರೂ ಅದು ತನ್ನ ಪಾಡಿಗೆ ಉರಿಯುತ್ತಿರುತ್ತದೆ. ಫೈರ್‌ಮನ್ ಆದವನು ಹೊಗೆಕೊಳವೆಯ ಸದ್ದು ಕೇಳಿಕೊಂಡು, ಉಗಿಯ ಮುಳ್ಳು ನೋಡಿಕೊಂಡು, ದಾರಿಯ ಏರು ಇಳಿತ ನೆನಪಿಟ್ಟುಕೊಂಡು ಸಲಿಕೆ ಹಾಕಿದರೆ ಸಾಕು. ಸಿಗ್ನಲ್ ಕಂಡರೆ ಬಾಯಿಬಿಟ್ಟು ಕೂಗಬೇಕು ಅಂತ ನಿಯಮವಿತ್ತು. ಇವರು ಕೈ ಎತ್ತುತ್ತಿದ್ದರು, ಅವನೂ ಕೈ ಎತ್ತುತ್ತಿದ್ದ. ಶೆಡ್ಡಿನವರು ಆ ಎಂಜಿನ್ನಿಗೆ ಮೂಗರ ಬಂಡಿ ಅಂತಲೇ ಹೆಸರಿಟ್ಟರು. ಫೋರ್‌ಮನ್ ಒಮ್ಮೆ ಇಬ್ಬರನ್ನೂ ಬೇರೆ ಬೇರೆ ಮಾಡಲು ನೋಡಿದ. ಇಬ್ಬರೂ, ಒಬ್ಬರದು ಒಬ್ಬರಿಗೆ ಗೊತ್ತಿಲ್ಲದ ಹಾಗೆ, ಹೋಗಿ ಬೇಡ ಅಂದು ಬಂದರು. ಮಾತಿಲ್ಲದೆ ಓಡಿಸುತ್ತೇವೆ ಅನ್ನುವುದೇ ಇಬ್ಬರಿಗೂ ಒಂದು ಬಡಿವಾರವಾಗಿತ್ತು.

ಆಡಬೇಕಾದ ಮಾತೆಲ್ಲ ನನ್ನ ತಲೆಗೆ ಬಂತು. ಇವರು ಊಟಕ್ಕೆ ಕೂತು ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದರು: "ನಿನ್ನ ತಮ್ಮನಿಗೆ ಹೇಳು, ಎಡಗಡೆ ಮುಂದಿನ ಮೂಲೇಲಿ ಬೆಂಕಿ ತೆಳ್ಳಗಾಗ್ತಿದೆ." ತಮ್ಮನ ಮನೆ ಎದುರು ಸಾಲಿನಲ್ಲಿತ್ತು. ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಅದನ್ನು ಅವನಿಗೆ ಕೂಗಿ ಹೇಳಬೇಕು. ಅವನು ಅಲ್ಲಿಂದ, "ಭಾವನಿಗೆ ಹೇಳು, ಇಳಿತದಲ್ಲಿ ಅಷ್ಟು ಉಗಿ ಪೋಲು ಮಾಡ್ಬೇಡಿ ಅಂತ." ಜನ್ಮದಲ್ಲಿ ಎಂಜಿನ್ ಹತ್ತದ ಹೆಂಗಸು ನಾನು. ಅದರ ಒಲೆಯ ಯಾವ ಮೂಲೆಯಲ್ಲಿ ಬೆಂಕಿ ತೆಳ್ಳಗಿದೆ ಅಂತ ಆ ಊರಿನಲ್ಲಿ ನನಗೆ ಗೊತ್ತಿದ್ದಷ್ಟು ಫೋರ್‌ಮನ್ನಿಗೂ ಗೊತ್ತಿರಲಿಲ್ಲ. ಇಬ್ಬರ ಕತ್ತನ್ನೂ ಹಿಡಿದು ಒಂದಕ್ಕೊಂದು ಕುಟ್ಟಬೇಕು ಅನ್ನಿಸುತ್ತಿತ್ತು. ಕುಟ್ಟಲಿಲ್ಲ, ಬಟ್ಟೆ ಕುಟ್ಟಿದೆ.

ಹೀಗಿರುವಾಗ ಎಂಜಿನ್ನುಗಳಿಗೆ ಕಲ್ಲಿದ್ದಲು ನಿಲ್ಲಿಸಿ ಎಣ್ಣೆ ಹಾಕುತ್ತಾರೆ ಅಂತ ಸುದ್ದಿ ಬಂತು. ಒಳ್ಳೆ ಕಲ್ಲಿದ್ದಲು ಸಿಗುತ್ತಿರಲಿಲ್ಲ. ಬರುತ್ತಿದ್ದದ್ದರಲ್ಲಿ ಅರ್ಧ ಕಲ್ಲು, ಅರ್ಧ ಮಣ್ಣು. ಕಿಡಿ ಹಾರಿ ಹಳಿಯ ಪಕ್ಕದ ಹುಲ್ಲು, ಬಣವೆ ಸುಟ್ಟು ದೂರುಗಳು ಬೇರೆ. ಇವರ ಎಂಜಿನ್ನನ್ನೂ ಕಾರ್ಖಾನೆಗೆ ಎಳೆದುಕೊಂಡು ಹೋದರು. ಅದು ತಿರುಗಿ ಬಂದಾಗ ಹೊರಗಿನಿಂದ ಅದೇ ಕರಿ ಮೈ, ಅದೇ ಚಕ್ರ. ಒಳಗೆ ಎಲ್ಲ ಬೇರೆ. ಒಲೆಯ ತಳದ ಜಾಲರಿ ಕಿತ್ತು, ಬೂದಿ ಬೀಳುವ ಜಾಗ ಮುಚ್ಚಿ, ಸುತ್ತ ಬೆಂಕಿ ತಡೆಯುವ ಇಟ್ಟಿಗೆ ಕಟ್ಟಿದ್ದರು. ಕಲ್ಲಿದ್ದಲು ತುಂಬುತ್ತಿದ್ದ ಕಡೆ ಎಣ್ಣೆಯ ತೊಟ್ಟಿ. ಎಣ್ಣೆ ಅಂದರೆ ದೀಪಕ್ಕೆ ಹಾಕುವುದಲ್ಲ, ಡಾಂಬರಿನ ದಾಯಾದಿ; ಬಿಸಿ ಮಾಡದಿದ್ದರೆ ಹರಿಯುವುದೇ ಇಲ್ಲ. ಉಗಿ ಅದನ್ನು ತುಂತುರು ಮಾಡಿ ಒಲೆಯೊಳಗೆ ಚಿಮ್ಮಿಸುತ್ತದೆ, ಅದು ಹೊತ್ತಿ ಉರಿಯುತ್ತದೆ. ಸಲಿಕೆ ಹಿಡಿದು ಕಾಯಿ ಕಟ್ಟಿದ ಅಂಗೈಗೆ ಇನ್ನು ಮೇಲೆ ಕೂತು ನಲ್ಲಿ ತಿರುಗಿಸುವ ಕೆಲಸ. "ಅಕ್ಕ, ನನ್ನನ್ನ ಬಚ್ಚಲಮನೇಲಿ ಕೂರಿಸಿದ ಹಾಗಿದೆ," ಅಂದ ತಮ್ಮ. ನಕ್ಕ, ಆದರೆ ಕಣ್ಣಲ್ಲಿ ನಗು ಇರಲಿಲ್ಲ.

ನನಗೂ ಆ ಎಣ್ಣೆಯನ್ನು ಕಂಡರೆ ಆಗಲಿಲ್ಲ. ಕಲ್ಲಿದ್ದಲಿನ ಪುಡಿ ಒಣಹಾಕಿದ ಬಟ್ಟೆಯ ಮೇಲೆ ಬಿದ್ದರೆ ಕೊಡವಬಹುದಿತ್ತು. ಎಣ್ಣೆಯ ಮಸಿ ಹಾಗಲ್ಲ, ಜಿಡ್ಡು. ಬೆರಳು ತಾಗಿಸಿದರೆ ಗೀರಾಗಿ ಹರಡುತ್ತದೆ. ಇವರ ಮೈಯಿಂದ, ತಲೆದಿಂಬಿನಿಂದ, ಬುತ್ತಿಯ ಮುಚ್ಚಳದಿಂದ ಅದೇ ನಾತ. ಎಷ್ಟು ಸೋಪು ಉಜ್ಜಿದರೂ ಹೋಗುತ್ತಿರಲಿಲ್ಲ.

ಕಲಿಸಿಕೊಡಲು ಕಾರ್ಖಾನೆಯಿಂದ ಒಬ್ಬರು ಬಂದರು. ದಪ್ಪನೆಯ ಮನುಷ್ಯ, ನಡೆದರೆ ಏದುಸಿರು. ಅವರು ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿ ಮೊದಲು ಹೇಳಿದ್ದೇ ಒಂದು ಮಾತು. ಎಣ್ಣೆಯ ಬೆಂಕಿಗೆ ಕೆಂಡ ಇಲ್ಲ. ಅದು ನಿಂತಿರುವುದು ಗಾಳಿಯ ಸೆಳೆತದ ಮೇಲೆ. ಎಂಜಿನ್ ಎಳೆಯುತ್ತಿದ್ದಾಗ ಹೊಗೆಕೊಳವೆಯಿಂದ ಉಗಿ ನುಗ್ಗಿ ಹೋಗುತ್ತದಲ್ಲ, ಅದೇ ಒಲೆಯ ಬೆಂಕಿಯನ್ನು ಒಳಗೆ ಸೆಳೆದು ಹಿಡಿದಿರುವುದು. ಡ್ರೈವರ್ ಉಗಿ ಮುಚ್ಚಿದ ಕೂಡಲೇ ಸೆಳೆತ ನಿಂತು, ಬೆಂಕಿ ಹಿಂದಕ್ಕೆ, ಮನುಷ್ಯರ ಕಡೆಗೆ ತಿರುಗುತ್ತದೆ. ಆದ್ದರಿಂದ ಡ್ರೈವರ್ ಮುಂಚೆಯೇ ಹೇಳಬೇಕು. ಫೈರ್‌ಮನ್ ಎಣ್ಣೆ ತಗ್ಗಿಸಿ, ಸೆಳೆತ ಕಾಯುವ ಇನ್ನೊಂದು ನಲ್ಲಿ ತೆರೆಯಬೇಕು. ಆಮೇಲೆ ಡ್ರೈವರ್ ಹಿಡಿ ಮುಟ್ಟಬೇಕು. "ಮೊದಲು ಬಾಯಿ, ಆಮೇಲೆ ಕೈ," ಅಂತ ಅವರು ಶಾಲೆಯ ಮಕ್ಕಳಿಗೆ ಹೇಳಿಸುವ ಹಾಗೆ ಎಲ್ಲರ ಬಾಯಲ್ಲೂ ಹೇಳಿಸಿದರಂತೆ. ಶೆಡ್ಡಿನವರೆಲ್ಲ ನಮ್ಮವರ ಕಡೆ ತಿರುಗಿ ನೋಡಿದರು. ಇವರು ಚಾವಣಿ ನೋಡಿದರು.

ಮೊದಲ ವಾರ ಆ ದಪ್ಪನೆಯವರೂ ಎಂಜಿನ್ ಹತ್ತಿ ಜೊತೆಗೆ ಹೋದರು. ಆಗ ಇವರು ಏನು ಮಾಡಿದರು ಗೊತ್ತೆ? "ಸಾರ್, ಮುಚ್ತಾ ಇದೀನಿ. ಸಾರ್, ತೆಗೀತಾ ಇದೀನಿ," ಅಂತ ಅವರಿಗೆ ಹೇಳುತ್ತಿದ್ದರು. ಪಕ್ಕದಲ್ಲಿ ಕೂತ ನನ್ನ ತಮ್ಮ ಅದನ್ನು ಕೇಳಿಸಿಕೊಂಡು ನಲ್ಲಿ ತಿರುಗಿಸುತ್ತಿದ್ದ. ಆ ಮನುಷ್ಯನಿಗೆ ಏನೂ ಅನುಮಾನ ಬರಲಿಲ್ಲ. ಡ್ರೈವರ್ ಬಹಳ ವಿನಯವಂತ ಅಂತ ಬರೆದುಕೊಟ್ಟು ಹೋದರು. ಅವರು ಇಳಿದು ಹೋದ ಮಾರನೆಯ ದಿನ ಎಂಜಿನ್ನಿನಲ್ಲಿ ಮಾತಾಡಿಸಲು ಯಾರೂ ಉಳಿದಿರಲಿಲ್ಲ.

ಅದಕ್ಕೆ ಇವರು ಕಂಡುಕೊಂಡ ಉಪಾಯ ಸ್ಪ್ಯಾನರ್. ಪಕ್ಕದ ಕೊಳವೆಗೆ ಸ್ಪ್ಯಾನರಿನಿಂದ ಒಂದು ಏಟು ಕುಟ್ಟಿದರೆ ಉಗಿ ತೆಗೆಯುತ್ತೇನೆ ಅಂತ, ಎರಡು ಏಟು ಕುಟ್ಟಿದರೆ ಮುಚ್ಚುತ್ತೇನೆ ಅಂತ. ಅದನ್ನು ತಮ್ಮನಿಗೆ ತಿಳಿಸಿದ್ದು ಯಾರು? ನಾನೇ. ಊಟದ ಮುಂದೆ ಕೂತು, "ನಿನ್ನ ತಮ್ಮನಿಗೆ ಹೇಳು," ಅಂತ ಶುರುಮಾಡಿದರು.

"ನಾನ್ಯಾಕೆ ಹೇಳ್ಲಿ? ಒಂದು ಮಾತು. 'ಮುಚ್ತೀನಿ' ಅನ್ನೋದಕ್ಕೆ ನಿಮ್ಮ ಗಂಟೇನು ಹೋಗತ್ತೆ?" ಅಂದೆ.

"ಕುಟ್ಟಿದ್ರೆ ಕೇಳತ್ತೆ. ಕಿವಿ ಇದೆಯಲ್ಲ ಅವನಿಗೆ."

"ನಿಮಗೆ ಬಾಯಿ ಇಲ್ವಾ?"

ಇವರು ತಟ್ಟೆ ಸರಿಸಿ ಎದ್ದರು. ನಾನು ಎದುರು ಸಾಲಿಗೆ ಹೋಗಿ ತಮ್ಮನ ಮೇಲೆ ಎಗರಿದೆ. ಫೋರ್‌ಮನ್ನಿಗೆ ಹೇಳಿ ಬೇರೆ ಎಂಜಿನ್ನಿಗೆ ಹೋಗು, ಇದು ಬೆಂಕಿಯ ಜೊತೆ ಆಟ ಅಂದೆ. ಅವನು ಮೂಗು ಮುರಿದ. "ಸುಮ್ನಿರು ಅಕ್ಕ. ಅವರ ಕುಟ್ಟೋದು ಅವರ ಮಾತಿಗಿಂತ ಚೆನ್ನಾಗಿದೆ. ನಾನ್ಯಾಕೆ ಹೋಗ್ಲಿ? ಬೇಕಾದ್ರೆ ಅವರು ಹೋಗ್ಲಿ," ಅಂದ. ಇಬ್ಬರಿಗೂ ಹಠ, ಒಬ್ಬರಿಗೂ ಬುದ್ಧಿ ಇಲ್ಲ. ಇಂಥ ಇಬ್ಬರ ನಡುವೆ ಸಿಕ್ಕಿಬಿದ್ದ ನನ್ನ ಹಣೆಬರಹಕ್ಕೆ ಬೆಂಕಿ ಬೀಳಲಿ ಅಂತ ನಾನೇ ನನ್ನನ್ನು ಶಪಿಸಿಕೊಂಡು ಬಂದೆ. ಬೆಂಕಿ ನನ್ನ ಹಣೆಗೆ ಬೀಳಲಿಲ್ಲ.

ಸ್ಪ್ಯಾನರಿನ ಭಾಷೆ ಬಹಳ ಕಾಲ ನಡೆಯಿತು. ತಪ್ಪೇ ಆಗಲಿಲ್ಲ. ಇಬ್ಬರೂ ಇನ್ನಷ್ಟು ಬೀಗಿದರು. ಶೆಡ್ಡಿನಲ್ಲಿ ಅವರನ್ನು ನೋಡಿ ಬೇರೆಯವರೂ ತಮಾಷೆಗೆ ಕುಟ್ಟತೊಡಗಿದರು.

ಎಣ್ಣೆಯ ಎಂಜಿನ್ನಿನಲ್ಲಿ ಇನ್ನೊಂದು ಕೆಲಸವಿದೆ. ಬಾಯ್ಲರಿನ ಕೊಳವೆಗಳಲ್ಲಿ ಎಣ್ಣೆಯ ಮಸಿ ಕಟ್ಟಿಕೊಳ್ಳುತ್ತದೆ, ಕಟ್ಟಿದರೆ ಉಗಿ ಏರುವುದಿಲ್ಲ. ಅದಕ್ಕೆ ಎಂಜಿನ್ ಏರಿನಲ್ಲಿ ಮೈ ಬಗ್ಗಿಸಿ ಎಳೆಯುತ್ತಿದ್ದಾಗ ಒಲೆಯ ಬಾಗಿಲಿನ ಸಣ್ಣ ಕಿಂಡಿ ತೆಗೆದು, ಸೌಟಿನಂಥ ಒಂದು ಮೊಗೆಯಲ್ಲಿ ಒಣ ಮರಳು ತುಂಬಿ ಅಲ್ಲಿ ಹಿಡಿಯಬೇಕು. ಒಳಗಿನ ಸೆಳೆತ ಮರಳನ್ನು ತಾನೇ ಎಳೆದುಕೊಂಡು ಕೊಳವೆಗಳನ್ನೆಲ್ಲ ಕೆರೆದು ಹೋಗುತ್ತದೆ. ಹೊಗೆಕೊಳವೆಯಿಂದ ಕಗ್ಗಪ್ಪು ಹೊಗೆ ಏಳುತ್ತದೆ. ಆ ಹೊತ್ತಿನಲ್ಲಿ ಫೈರ್‌ಮನ್ನಿನ ಮುಖ ಕಿಂಡಿಯ ಎದುರಿಗೇ ಇರುತ್ತದೆ. ಸೆಳೆತ ಇರುವ ತನಕ ಭಯವಿಲ್ಲ.

ಒಂದು ದಿನ ಹಗಲು ಊಟದ ಹೊತ್ತಿಗೆ ಮುಂಚೆ, ಏರಿನಲ್ಲಿ, ತಮ್ಮ ಮರಳು ಹಿಡಿದಿದ್ದ. ಏರು ಮುಗಿಯುವ ತಿರುವಿನ ಆಚೆ ರಸ್ತೆ ಹಳಿ ದಾಟುವ ಗೇಟು. ಹಳಿಯ ಮೇಲೆ ಜನ ತುಂಬಿದ ಲಾರಿಯೊಂದು ಕೆಟ್ಟು ನಿಂತಿತ್ತು. ತಿರುವು ದಾಟಿದ ಕೂಡಲೇ ಇವರಿಗೆ ಅದು ಕಂಡಿತು. ಒಂದು ಕೈ ಉಗಿ ಮುಚ್ಚುವ ಹಿಡಿಗೆ ಹೋಯಿತು, ಇನ್ನೊಂದು ಕೈ ಬ್ರೇಕಿಗೆ ಹೋಯಿತು. ಸ್ಪ್ಯಾನರ್ ಎತ್ತಲು ಮೂರನೆಯ ಕೈಯನ್ನು ದೇವರು ಯಾರಿಗೂ ಕೊಟ್ಟಿಲ್ಲ. ಆಗ ಇವರ ಮೈಯಲ್ಲಿ ಬಿಡುವಾಗಿದ್ದದ್ದು ಬಾಯಿ ಒಂದೇ.

ಬಾಯಿ ತೆರೆಯಲಿಲ್ಲ.

ಸೆಳೆತ ಸತ್ತು, ಕಿಂಡಿಯಿಂದ ಬೆಂಕಿ ಹೊರಗೆ ಬಂತು. ಮರಳು, ಬೆಂಕಿ, ಕಾದ ಎಣ್ಣೆಯ ಹನಿ ಎಲ್ಲವೂ ನನ್ನ ತಮ್ಮನ ಮುಖಕ್ಕೇ. ಆ ಸ್ಥಿತಿಯಲ್ಲೂ ಅವನು ಕೈಯಿಂದ ತಡಕಾಡಿ ಎಣ್ಣೆಯ ನಲ್ಲಿ ಮುಚ್ಚಿದನಂತೆ, ಇಲ್ಲದಿದ್ದರೆ ಇಬ್ಬರೂ ಹೋಗುತ್ತಿದ್ದರು. ಬಂಡಿ ಲಾರಿಗೆ ಮುಟ್ಟದೆ ನಿಂತಿತು. ಲಾರಿಯ ಜನ ಇಳಿದು ಬಂದು ಇವರ ಕಾಲಿಗೆ ಬೀಳಲು ಹೋದರಂತೆ, ದೇವರ ಹಾಗೆ ಉಳಿಸಿದಿರಿ ಅಂತ. ಉಳಿಸಿದ್ದು ನಿಜ. ಅದಕ್ಕೂ ನನಗೆ ಹೊಟ್ಟೆ ಉರಿಯುತ್ತದೆ.

ಆಸ್ಪತ್ರೆಯಲ್ಲಿ ತಮ್ಮನ ತಲೆ ಪೂರ್ತಿ ಬಟ್ಟೆ ಸುತ್ತಿದ್ದರು. ಬಾಯಿ, ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಒಂದು ಕಣ್ಣು ಹೋಯಿತು, ಇನ್ನೊಂದರ ವಿಷಯ ಈಗಲೇ ಹೇಳಲಾಗದು ಅಂದರು ಡಾಕ್ಟರು. ಅವನ ಹೆಂಡತಿ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು. ನಾನು ಇವರ ಹೆಂಡತಿಯಲ್ಲವೇ.

ಇತ್ತ ವಿಚಾರಣೆ ಶುರುವಾಯಿತು. ಹೊರಗಿನಿಂದ ಸಾಹೇಬರು ಬಂದು ಇವರನ್ನು ಕೇಳಿದರು: ಉಗಿ ಮುಚ್ಚುವ ಮೊದಲು ಫೈರ್‌ಮನ್ನಿಗೆ ಹೇಳಿದೆಯಾ? ಇವರು, "ಕೂಗಿದೆ ಸಾರ್," ಅಂದರು. ಶೆಡ್ಡಿನವರಿಗೆಲ್ಲ ಅದು ಸುಳ್ಳು ಅಂತ ಗೊತ್ತಿತ್ತು. ಆದರೆ ಯಾರು ಎಂಜಿನ್ನಿನಲ್ಲಿದ್ದರು? ಹೇಳಬಲ್ಲವನು ಒಬ್ಬನೇ, ಅವನು ಆಸ್ಪತ್ರೆಯಲ್ಲಿದ್ದ. ಮಾರನೆಯ ದಿನ ಅಲ್ಲಿಗೇ ಹೋಗಿ ಕೇಳುತ್ತೇವೆ ಅಂದರು. ಅವನೂ ಕೂಗಿದರು ಅಂದರೆ ಇವರ ಡ್ರೈವರ್ ಕೆಲಸ ಉಳಿಯುತ್ತದೆ. ಇಲ್ಲ ಅಂದರೆ ಜನ್ಮದಲ್ಲಿ ಇನ್ನು ಎಂಜಿನ್ ಹತ್ತುವ ಹಾಗಿಲ್ಲ. ನಾವಿದ್ದ ಮನೆಯೂ ಡ್ರೈವರಿಗೆ ಅಂತ ಕೊಟ್ಟದ್ದು.

ಇವರು ಮನೆಗೆ ಬಂದರು. ಕೈಕಾಲು ತೊಳೆದರು. ಗೋಡೆಯ ಕಡೆ ಮುಖ ಮಾಡಿ ಕೂತರು. "ನಿನ್ನ ತಮ್ಮನಿಗೆ ಹೇಳು," ಅಂದರು, "ನಾನು ಕೂಗಿದೆ ಅಂತ ಹೇಳ್ಬೇಕಂತೆ ಅಂತ."

ಮದುವೆಯಾದ ಮೇಲೆ ಮೊದಲ ಸಲ ಇವರ ಮೇಲಿನ ನನ್ನ ಸಿಟ್ಟು ಬೀದಿಗೆ ಕೇಳಿಸಿರಬೇಕು. "ಏನು ಮನುಷ್ಯರು ನೀವು? ಅವನ ಕಣ್ಣು ಹೋಗಿದೆ. ಒಂದು ಮಾತು ಆಡಿದ್ರೆ ಉಳೀತಿತ್ತು. ಈಗ ಅವನ ಬಾಯಲ್ಲಿ ಸುಳ್ಳು ಹೇಳ್ಸೋದಕ್ಕೂ ನಿಮಗೆ ನನ್ನ ಬಾಯಿ ಬೇಕಾ?"

"ಕೆಲಸ ಹೋಗತ್ತೆ."

"ಹೋಗ್ಲಿ. ಇಲ್ಲ, ಬೇಕು ಅಂದ್ರೆ ನಡೀರಿ, ನೀವೇ ಹೇಳಿ. ಅವನ ಮುಂದೆ ನಿಂತು, ನಿಮ್ಮ ಬಾಯಲ್ಲಿ. ನೀವು ಕೇಳಿದ್ರೆ ಅವನು ಆ ಸುಳ್ಳನ್ನೂ ಹೇಳ್ತಾನೆ. ಅವನು ಅಂಥವನೇ. ನಾನು ಮಾತ್ರ ಹೇಳಲ್ಲ."

 ಇವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಬರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ದಾರಿಯುದ್ದಕ್ಕೂ ಇವರು ಮುಂದೆ, ನಾನು ಹಿಂದೆ. ಬಿಸಿಲಿತ್ತು. ಶೆಡ್ಡಿನ ಗೋಡೆಯ ನೆರಳು ಹಿಡಿದು ನಡೆದೆವು. ಇವರ ತುಟಿ ಅಲುಗುತ್ತಿದ್ದದ್ದು ತಿರುವುಗಳಲ್ಲಿ ಪಕ್ಕದಿಂದ ಒಂದೆರಡು ಸಲ ಕಂಡಿತು. ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದಾರೆ ಅಂತ ಒಂದು ಗಳಿಗೆ ನನ್ನ ಸಿಟ್ಟು ಇಳಿಯಿತು.

ತಮ್ಮನ ಹೆಂಡತಿ ನೀರು ತರಲು ಹೋಗಿದ್ದಳು. ಇವರು ಮಂಚದ ಹತ್ತಿರ ಹೋಗಿ ನಿಂತರು. ನಾನು ಬೇಕೆಂದೇ ಬಾಗಿಲಲ್ಲಿ ಉಳಿದೆ. ಕಣ್ಣಿಗೆ ಬಟ್ಟೆ ಕಟ್ಟಿದವನ ಮುಂದೆ ಆಕಾಶ ನೋಡಿ ಪ್ರಯೋಜನವಿಲ್ಲ, ಕೈ ಎತ್ತಿಯೂ ಪ್ರಯೋಜನವಿಲ್ಲ. ಬಾಯಿ ಬಿಡದೆ ಗತಿಯಿಲ್ಲ ಅಂದುಕೊಂಡೆ.

ತಮ್ಮ ತಲೆ ಹೊರಳಿಸಿದ. "ಯಾರದು?" ಅಂದ. ಉತ್ತರವಿಲ್ಲ. "ಡಾಕ್ಟರಾ?" ಅಂದ. ಆಮೇಲೆ ಮೂಗಿನಿಂದ ಒಮ್ಮೆ ಉಸಿರೆಳೆದ. ಇವರ ಮೈಯ ಎಣ್ಣೆಯ ನಾತ ಅವನಿಗೆ ಗೊತ್ತಾಗದೆ ಇರುತ್ತದೆಯೇ? ಮೆಲ್ಲಗೆ, "ಭಾವ, ನೀವಾ?" ಅಂದ.

ಮಾತು ಬಿಟ್ಟ ಅಷ್ಟು ವರ್ಷದಲ್ಲಿ ಅವನು ಆ ಶಬ್ದವನ್ನು ಇವರ ಎದುರಿಗೆ ಆಡಿದ್ದು ಅದೇ ಮೊದಲು. ಕೋಪವಿರಲಿಲ್ಲ ಆ ದನಿಯಲ್ಲಿ. ಒಂದು ಹೂಂ ಅಂದಿದ್ದರೆ ಸಾಕಿತ್ತು.  ಇವರು ತಿರುಗಿ, ನನ್ನನ್ನು ದಾಟಿಕೊಂಡು, ಓಣಿಯಲ್ಲಿ ನಡೆದು ಹೋಗಿಬಿಟ್ಟರು.

ನಾನು ಒಳಗೆ ಹೋಗಿ ತಮ್ಮನ ಕೈ ಹಿಡಿದುಕೊಂಡೆ. "ಹೋದ್ರಾ ಅಕ್ಕ?" ಅಂದ. ಹೋದ್ರು ಅಂದೆ. "ನಾಳೆ ಸಾಹೇಬ್ರು ಬರ್ತಾರಂತೆ. ಇದ್ದದ್ದನ್ನ ಹೇಳ್ತೀನಿ. ನಿನ್ನ ಮನೆಗೆ ತೊಂದ್ರೆ ಆಗತ್ತೆ."

"ಆಗ್ಲಿ. ಹೇಳು," ಅಂದೆ.

ಅವನು ಹೇಳಿದ. ಇವರನ್ನು ಎಂಜಿನ್ನಿನಿಂದ ಇಳಿಸಿ ನೀರಿನ ಪಂಪು ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು. ನಾವು ಹಳಿಯ ಪಕ್ಕದ ಸಣ್ಣ ಮನೆಗೆ ಬಂದೆವು. ಒಂದು ಕೋಣೆ, ಮುಂದೆ ಒಂದು ಜಗಲಿ. ತಮ್ಮನ ಉಳಿದ ಕಣ್ಣು ಅರ್ಧ ಉಳಿಯಿತು. ಅವನನ್ನು ಉಗ್ರಾಣದ ಬಾಗಿಲಲ್ಲಿ ಕೂರಿಸಿದ್ದಾರೆ. ಆ ಎಂಜಿನ್ನನ್ನು ಈಗ ಹೊಸಬರಿಬ್ಬರು ಓಡಿಸುತ್ತಾರೆ. ಅವರದು ಬಾಯೋ ಬಾಯಿ. ಬಂಡಿ ನಮ್ಮ ಮನೆ ದಾಟುವಾಗ "ಮುಚ್ತೀನೋ," ಅಂತ ಡ್ರೈವರ್ ಅರಚುತ್ತಾನೆ, "ಮುಚ್ಚು ಮಾರಾಯ," ಅಂತ ಫೈರ್‌ಮನ್ ಅರಚುತ್ತಾನೆ. ಆಗೆಲ್ಲ ಇವರು ಎದ್ದು ಒಳಗೆ ಹೋಗಿ ಕೂರುತ್ತಾರೆ. ಪಾಪ, ಹೋಗಲಿ ಅಂತ ಕೂಡ ನಾನು ಕಿಟಕಿ ಮುಚ್ಚುವುದಿಲ್ಲ.

ಮೊನ್ನೆ ಮೊನ್ನೆಯವರೆಗೂ ಆ ಬಗ್ಗೆ ಇವರು ತುಟಿ ಬಿಚ್ಚಿರಲಿಲ್ಲ. ಒಂದು ಬೆಳಿಗ್ಗೆ, ನಾನು ಒಲೆಯ ಮುಂದಿದ್ದಾಗ ಬೆನ್ನ ಹಿಂದೆ ಬಂದು ನಿಂತರು. "ನಿನ್ನ ತಮ್ಮನಿಗೆ ಹೇಳು," ಅಂದರು. ದನಿ ಅವರದು ಅನ್ನಿಸಲಿಲ್ಲ. "ತಪ್ಪು ನಂದೇ ಅಂತ. ಅವತ್ತು ಗೇಟಿನ ಹತ್ರ ಮಾತು ಬಾಯಿಗೆ ಬಂದಿತ್ತು, ನಾನೇ ನುಂಗಿದೆ ಅಂತ. ಸಾಹೇಬ್ರ ಮುಂದೆ ಅವನು ಹೇಳಿದ್ದು ಸರಿ ಅಂತ."

ಒಲೆಯ ಮೇಲಿನ ಪಾತ್ರೆ ಉಕ್ಕಿ ಹರಿಯಿತು. ಅದನ್ನು ಇಳಿಸಿ, ಕೈ ಒರೆಸಿಕೊಂಡು ತಿರುಗಿದೆ. ಇವರ ಕಣ್ಣು ಕೆಂಪಗಿತ್ತು. ಕರುಳು ಚುರ್ ಅನ್ನಲಿಲ್ಲ ಅಂದರೆ ಸುಳ್ಳಾದೀತು. ಆದರೆ ಅದರ ಹಿಂದೆಯೇ ಸಿಟ್ಟು ನುಗ್ಗಿ ಬಂತು. ಒಬ್ಬ ಮನುಷ್ಯನ ಕಣ್ಣು ಹೋದರೂ ಇವರಿಗೆ ಇನ್ನೂ ನಾನೇ ಬೇಕು.

"ಅವನ ಮನೆ ಮೂರು ಬೀದಿ ಆಚೆ ಇದೆ. ಹೋಗಿ ಹೇಳಿ," ಅಂದೆ.

"ನೀನು ಹೇಳ್ತೀಯಾ ಇಲ್ವಾ?"

"ಇಲ್ಲ."

ಆ ಮೇಲೂ ಒಂದೆರಡು ಸಲ ಕೇಳಿದರು. ನಾನು ಇಲ್ಲ ಅಂದೆ. ನನ್ನ ಜೊತೆಯೂ ಮಾತು ಬಿಡುತ್ತಾರೇನೋ ಅಂತ ಕಾದೆ. ಬಿಡಲಿಲ್ಲ. ಬಿಟ್ಟರೆ ಲೋಕದಲ್ಲಿ ಇನ್ನು ಯಾರೂ ಉಳಿಯುವುದಿಲ್ಲ ಅಂತ ಇವರಿಗೂ ಗೊತ್ತಿದೆ.

ತಮ್ಮ ಕೆಲ ದಿನಗಳಿಗೊಮ್ಮೆ ಬರುತ್ತಾನೆ. ಕೋಲು ಊರಿಕೊಂಡು ಬಂದು ಜಗಲಿಯ ಮೇಲೆ ಕೂರುತ್ತಾನೆ, ಒಳಗೆ ಬರುವುದಿಲ್ಲ. ಇವರು ಒಳಗೆ ಗೋಡೆಗೆ ಒರಗಿ ಕೂತಿರುತ್ತಾರೆ, ಹೊರಗೆ ಬರುವುದಿಲ್ಲ. ನಡುವೆ ಒಂದು ಬಾಗಿಲು, ಅದು ತೆರೆದೇ ಇರುತ್ತದೆ. ನಿನ್ನೆಯೂ ಬಂದಿದ್ದ. ನೀರು ಕುಡಿದ, ತನ್ನ ಮಗಳ ಓದಿನ ವಿಷಯ ಮಾತಾಡಿದ. ಹೊರಡುವ ಮುಂಚೆ ಸುಟ್ಟ ಹುಬ್ಬಿನ ಕಡೆ ಕೈ ಒಯ್ದು, ಎಂದಿನ ಹಾಗೆ, ದನಿ ತಗ್ಗಿಸಿ ಕೇಳಿದ: "ಭಾವ ಏನಾದ್ರೂ ಅಂದ್ರಾ ಅಕ್ಕ?"

"ಏನೂ ಅಂದಿಲ್ಲ," ಅಂದೆ, ಒಳಗೆ ಕೂತವರಿಗೂ ಕೇಳಿಸುವಷ್ಟು ಜೋರಾಗಿ.